ಬಲಗಡೆಯ ಕದ

ಹೇಳಿದ್ದೆನೋ, ಇಲ್ಲವೋ?

ಹೇಳಿರಬೇಕು. ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತದ್ದು ನೆನಪಿದೆ. ಅಕ್ಕ ಬೆನ್ನು ಹಾಕಿ ಡಬ್ಬಿಗಳನ್ನು ಜೋಡಿಸುತ್ತಿದ್ದಳು. 'ಬರ್ತೀನಿ' ಎಂದದ್ದೂ ನೆನಪಿದೆ. ಅದರ ಹಿಂದೆಯೇ 'ಆ ಕಿಟಕಿಗೆ ಬಲಗಡೆ ಕದ ಇನ್ನೂ ಕೂರಿಸಿಲ್ಲ, ಚಾಡಿನ ಪಂಜರದಿಂದ ಬಿಡಬೇಡ' ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆಚೆ ಬಂದಿತೋ, ಹಲ್ಲಿನ ಹಿಂದೆಯೇ ಉಳಿಯಿತೋ, ಅದೇ ತಿಳಿಯುತ್ತಿಲ್ಲ. ಅಕ್ಕ 'ಹೂಂ' ಅಂದಿದ್ದಳು. ಆದರೆ ಆ 'ಹೂಂ' ಯಾವುದಕ್ಕೆ? ಬರ್ತೀನಿ ಅಂದದ್ದಕ್ಕೋ, ಕಿಟಕಿಯ ಮಾತಿಗೋ?

ಲಾರಿ ಗೋದಾಮಿನ ಕಡೆಗೆ ತಿರುಗಿತು. ಅವನು ಗಡಿಯಾರ ನೋಡಿಕೊಂಡ. ಐದಕ್ಕೆ ಇಪ್ಪತ್ತು ನಿಮಿಷ.

"ಏನು, ಕಾಲಲ್ಲಿ ಇರುವೆ ಬಿಟ್ಕೊಂಡವನ ಹಾಗೆ ಆಡ್ತಿದೀಯ?" ಎಂದ ಪಕ್ಕದಲ್ಲಿ ಕೂತಿದ್ದ ಗಡ್ಡ. ಹದಿನಾರು ವರ್ಷದಿಂದ ಹಗ್ಗದ ಇನ್ನೊಂದು ತುದಿ ಹಿಡಿದವನು. ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು.

"ಏನಿಲ್ಲ. ಅಕ್ಕನಿಗೊಂದು ಮಾತು ಹೇಳಬೇಕಿತ್ತು."

"ಫೋನ್ ಮಾಡು."

ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಹತ್ತನೆಯ ಸಲ ರಿಂಗಾಗುವಾಗ ನೆನಪಾಯಿತು: ಅಕ್ಕನ ಫೋನು ಚಾರ್ಜರಿನ ಜೊತೆ ಮೂವತ್ತೊಂದನೇ ಪೆಟ್ಟಿಗೆಯಲ್ಲಿದೆ. ಹಾಸಿಗೆಯ ಹೊದಿಕೆಗಳ ನಡುವೆ, ಮೆತ್ತಗೆ, ಏನೂ ಆಗದಂತೆ ಅದನ್ನು ಇಟ್ಟು ಕಟ್ಟಿದವನು ಅವನೇ.

ಇವತ್ತೊಂದು ದಿನ ಅವಳು ಹಕ್ಕಿಯನ್ನು ಬಿಡಲಿಕ್ಕಿಲ್ಲ ಅಂದುಕೊಂಡ. ಮನೆತುಂಬ ಗಂಟುಮೂಟೆ, ಕಾಲಿಡಲು ಜಾಗವಿಲ್ಲ. ಇವತ್ತೊಂದು ದಿನ ಬಿಡಲಿಕ್ಕಿಲ್ಲ.

ಅವನ ಕೆಲಸ ಬೇರೆಯವರ ಮನೆ ಸಾಗಿಸುವುದು. ತಟ್ಟೆಗಳನ್ನು ಮಲಗಿಸಬಾರದು, ನಿಲ್ಲಿಸಿ ಕಟ್ಟಬೇಕು. ಕನ್ನಡಿಯ ಮೇಲೆ ಟೇಪಿನಿಂದ ಅಡ್ಡಗೆರೆ ಎಳೆಯಬೇಕು. ಬಿಚ್ಚಿದ ಸ್ಕ್ರೂಗಳನ್ನು ಚೀಲಕ್ಕೆ ಹಾಕಿ ಅದೇ ಮಂಚದ ಕಾಲಿಗೆ ಕಟ್ಟಬೇಕು. ಇವೆಲ್ಲ ಅವನಿಗೆ ಉಸಿರಾಟದಷ್ಟು ಸಲೀಸು. ಕೆಲಸ ಕಲಿಸಿದ ಮೇಸ್ತ್ರಿ ಎರಡು ಮಾತುಗಳನ್ನು ಮೊದಲ ದಿನವೇ ಹೇಳಿದ್ದ. ಒಂದು, ಜೀವ ಇರೋದನ್ನ ಲಾರಿಗೆ ಹಾಕಬೇಡಿ, ಮನೆಯವರ ಮಡಿಲಲ್ಲೇ ಹೋಗಲಿ. ಇನ್ನೊಂದು, ಏನಾದ್ರೂ ಮುರಿದ್ರೆ ಗಿರಾಕಿ ನೋಡೋ ಮುಂಚೆ ಸರಿಮಾಡಿ. ಅವರ ಕಣ್ಣಿಗೆ ಬೀಳೋ ತನಕ ಅದು ಮುರಿದದ್ದಲ್ಲ.

ನೂರಾರು ಮನೆಗಳನ್ನು ಹೀಗೆ ಸಾಗಿಸಿದ್ದ. ತನ್ನದೇ ಮನೆಯ ಸಾಮಾನು ಕಟ್ಟಿದ್ದು ಇದೇ ಮೊದಲು.

ಮನೆ ಅಂದರೆ ಅವನು, ಅಕ್ಕ, ಮತ್ತು ಚಾಡಿ. ಚಾಡಿ ಎಂಬುದು ಅಕ್ಕನ ಹಸಿರು ಬಡ್ಜಿ. ಅಂಗೈಯೊಳಗೆ ಮುಚ್ಚಿಡಬಹುದಾದಷ್ಟು ಸಣ್ಣ ಗಿಳಿ. ಬೆಳಗ್ಗೆ ಪಂಜರದ ಮೇಲಿನ ಬಟ್ಟೆ ಸರಿಸಿದ್ದೇ ತಡ, ಯಾರದೋ ಮೇಲೆ ದೂರು ಹೇಳುವಂತೆ ಕಿಚಿಪಿಚಿ ಶುರು. "ಬಂತು ನೋಡು, ರಾತ್ರಿಯೆಲ್ಲ ನೀನು ಗೊರಕೆ ಹೊಡೆದದ್ದನ್ನ ಹೇಳ್ತಿದೆ" ಎಂದು ಅಕ್ಕ ನಗುತ್ತಿದ್ದಳು. ಹಾಗಾಗಿ ಅದಕ್ಕೆ ಆ ಹೆಸರು.

ಅಕ್ಕ ಕೋಟುಗಳಿಗೆ ಕಾಜಾ ಹಾಕುವವಳು. ದರ್ಜಿ ಹೊಲಿದು ಕಳಿಸಿದ ಕೋಟಿನಲ್ಲಿ ಗುಂಡಿ ತೂರುವ ಸೀಳು ಕತ್ತರಿಸಿ, ಅದರ ಅಂಚಿಗೆ ಕೈಯಿಂದ ಒತ್ತೊತ್ತಾಗಿ ದಾರ ಸುತ್ತಿ ಮುಗಿಸುವ ಕೆಲಸ. ಯಂತ್ರ ಹಾಕಿದ ಕಾಜಾ ಒಂದು ಕಡೆ, ಇವಳದು ಒಂದು ಕಡೆ ಇಟ್ಟರೆ ಕುರುಡನೂ ಬೆರಳಾಡಿಸಿ ಹೇಳಬಹುದು ಎನ್ನುತ್ತಿದ್ದ ದರ್ಜಿ. ಸಂಜೆ ಐದಾಗುತ್ತಲೇ ಅಕ್ಕ ಸೂಜಿಯನ್ನು ಮೆತ್ತೆಗೆ ಚುಚ್ಚಿ, ಕಿಟಕಿಯ ಕಡೆ ಒಮ್ಮೆ ನೋಡಿ, ಪಂಜರದ ಬಾಗಿಲು ತೆಗೆಯುತ್ತಿದ್ದಳು. ಚಾಡಿ ಕೋಣೆಯ ಸುತ್ತ ಎರಡು ಸುತ್ತು ಹಾರಿ ಅವಳ ಹೆಗಲ ಮೇಲೆ ಕೂತು, ಕನ್ನಡಕದ ದಾರ ಕಚ್ಚಿ ಎಳೆಯುತ್ತಿತ್ತು. ಅವಳಿಗೆ ಜ್ವರ ಬಂದ ದಿನವೂ ಅದಕ್ಕೆ ಆ ಅರ್ಧ ಗಂಟೆ ತಪ್ಪಿದ್ದಿಲ್ಲ.

ಇವತ್ತೊಂದು ದಿನ ಬಿಡಲಿಕ್ಕಿಲ್ಲ ಅಂದುಕೊಳ್ಳುವಾಗ ಅವನಿಗೆ ಇದು ಗೊತ್ತಿತ್ತು.

ಹೊಸ ಮನೆ ಹುಡುಕಿದವನು ಅವನು. ಹಳೆಯದು ನೆಲಮಟ್ಟದಲ್ಲಿ, ಎರಡು ಕಟ್ಟಡಗಳ ಸಂದಿಯಲ್ಲಿತ್ತು. ನಡುಹಗಲಲ್ಲೂ ದೀಪ ಬೇಕು. ಮೂರನೇ ಮಹಡಿಯ ಈ ಮನೆಗೆ ಪಡುವಣಕ್ಕೆ ತೆರೆದ ದೊಡ್ಡ ಕಿಟಕಿ. ಸರಳಿಲ್ಲ, ಜಾಲರಿಯಿಲ್ಲ, ಎರಡು ಗಾಜಿನ ಕದ, ಆಚೆ ಬರೀ ಬೆಳಕು. ಅದನ್ನು ನೋಡಿದ ಕ್ಷಣವೇ ಅಕ್ಕನ ಕುರ್ಚಿಯನ್ನು ಎಲ್ಲಿಡಬೇಕೆಂದು ಅವನಿಗೆ ಹೊಳೆದಿತ್ತು. ಆದರೆ ಅದನ್ನು ಅವಳಿಗೆ ಹೇಳಿದ ರೀತಿಯಲ್ಲಿ ಏನೋ ಎಡವಟ್ಟಾಯಿತು.

"ಅಲ್ಲಿ ಬೆಳಕು ಚೆನ್ನಾಗಿದೆ ಅಕ್ಕ. ನಿನ್ನ ಕಣ್ಣಿಗೆ ಒಳ್ಳೇದು."

"ನನ್ನ ಕಣ್ಣಿಗೆ ಏನಾಗಿದೆ?"

"ಏನಾಗಿದೆ ಅಂದ್ನಾ ನಾನು?"

"ಮತ್ತೆ? ಇಪ್ಪತ್ತೆಂಟು ವರ್ಷ ಇದೇ ಕುರ್ಚಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದೀನಿ. ಬಾ, ಈಗ ಪೋಣಿಸ್ತೀನಿ, ಎಣಿಸು. ಎರಡನೇ ಸಲ ದಾರ ನೆಕ್ಕಿದ್ರೆ ಕೇಳು."

ಅವಳು ಒಂದೇ ಸಲಕ್ಕೆ ಪೋಣಿಸಿದಳು. ಅವನು ನಗಬೇಕಿತ್ತು, ನಗಲಿಲ್ಲ. ಇಬ್ಬರಿಗೂ ಗೊತ್ತಿದ್ದ ವಿಷಯ ನಡುವೆ ಕೂತಿತ್ತು: ಅಮ್ಮನಿಗೆ ಐವತ್ತು ದಾಟಿದ ಮೇಲೆ ದೃಷ್ಟಿ ಮಂಜಾಗುತ್ತಾ ಹೋಗಿ, ಕೊನೆಗೆ ಅವಳು ಮಕ್ಕಳ ಮುಖವನ್ನು ಕೈಯಿಂದ ಸವರಿ ಗುರುತಿಸುತ್ತಿದ್ದಳು. ಅಕ್ಕನಿಗೆ ಈಗ ಐವತ್ತೆರಡು.

ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಮನೆ ಬಿಡಲು ಒಪ್ಪಿದಳು, ಆದರೆ ಒಂದು ಷರತ್ತು: ಅಮ್ಮನ ಮರದ ಬೀರು ಬಂದೇ ಬರಬೇಕು.

ಸಾಗಿಸುವ ದಿನ ಆ ಬೀರು ಹೊಸ ಕಟ್ಟಡದ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು, ತಲೆಕೆಳಗು ಮಾಡಿದರು.

"ಇದನ್ನ ಮಾಡಿದವನು ಕಾಡಲ್ಲೇ ಕೂತು ಮಾಡಿರಬೇಕು, ಮನೆ ಅನ್ನೋದನ್ನ ನೋಡೇ ಇಲ್ಲ" ಎಂದು ಗಡ್ಡ ಬೆವರು ಒರೆಸಿಕೊಂಡ.

ಪಂಜರವನ್ನು ಎದೆಗೆ ಅವಚಿಕೊಂಡು ಕೆಳಗೆ ನಿಂತಿದ್ದ ಅಕ್ಕ, ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು. "ಆಗದಿದ್ರೆ ಬಿಡಿ. ಹಳೇ ಮನೆಗೇ ತಗೊಂಡು ಹೋಗಿ. ಜೊತೆಗೆ ನಾನೂ ಬರ್ತೀನಿ."

"ಆಗುತ್ತೆ" ಎಂದ ಅವನು, ಮುಖ ಬಿಗಿದು.

ಅಂಥ ಹೊತ್ತಿನಲ್ಲಿ ಮಾಡುವುದು ಒಂದೇ. ಕಿಟಕಿಯ ಎರಡೂ ಕದ ಬಿಚ್ಚಿ, ಮೇಲಿನಿಂದ ಹಗ್ಗ ಇಳಿಬಿಟ್ಟು, ಬೀರುವನ್ನು ಹೊರಗಿನಿಂದ ಎಳೆದುಕೊಳ್ಳುವುದು. ಮುಕ್ಕಾಲು ಗಂಟೆಯಲ್ಲಿ ಅದು ಒಳಗಿತ್ತು. ಎಡಗಡೆಯ ಕದ ಸುಲಭವಾಗಿ ಮತ್ತೆ ಕೂತಿತು. ಬಲಗಡೆಯದು ಕೂರಲಿಲ್ಲ, ಕೀಲು ಕಚ್ಚುವ ಜಾಗದಲ್ಲಿ ಚೌಕಟ್ಟಿನ ಮರ ಸವೆದು, ಸ್ಕ್ರೂ ತಿರುಗಿಸಿದಷ್ಟೂ ಸುಮ್ಮನೆ ತಿರುಗುತ್ತಿತ್ತು. ರಂಧ್ರಕ್ಕೆ ನಾಲ್ಕು ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಆದರೆ ಐದರೊಳಗೆ ಲಾರಿ ಗೋದಾಮಿಗೆ ಸೇರಬೇಕಿತ್ತು, ಡ್ರೈವರ್ ಕೆಳಗಿನಿಂದ ಹಾರ್ನ್ ಬಡಿಯುತ್ತಿದ್ದ.

ಗಿರಾಕಿಗಳ ಮನೆಯಲ್ಲಿ ಮಾಡುವುದನ್ನೇ ಅವನು ಮಾಡಿದ. ಸಾಮಾನು ಸುತ್ತುವ ತೆಳು ಪ್ಲಾಸ್ಟಿಕ್ಕನ್ನು ಆ ಅರ್ಧ ಚೌಕಟ್ಟಿಗೆ ಎರಡು ಪದರ ಎಳೆದು, ಸುತ್ತಲೂ ಟೇಪು ಒತ್ತಿದ. ಒಂದು ಸುಕ್ಕಿಲ್ಲದಂತೆ. ಬಿಚ್ಚಿದ ಕದವನ್ನು ಬೀರುವಿನ ಹಿಂದೆ ಒರಗಿಸಿಟ್ಟ.

"ಗಾಜಿಗಿಂತ ಇದೇ ವಾಸಿ" ಎಂದ ಗಡ್ಡ, ಬೆರಳಿಂದ ಅದನ್ನು ಡಬ್ ಡಬ್ ಬಾರಿಸಿ. "ಒರೆಸೋ ಕೆಲಸ ಇಲ್ಲ. ಅಕ್ಕನಿಗೆ ಹೇಳಿಬಿಡು, ಒರಗಿಗಿರಗಿಯಾಳು."

"ಹೇಳ್ತೀನಿ."

ಪಡುವಣದ ಬಿಸಿಲು ಬಿದ್ದು ಎರಡೂ ಅರ್ಧಗಳು ಒಂದೇ ಸಮ ಹೊಳೆಯುತ್ತಿದ್ದವು. ಗೊತ್ತಿಲ್ಲದವನು ಎರಡಡಿ ದೂರದಿಂದ ನೋಡಿದರೂ ಯಾವುದು ಗಾಜು, ಯಾವುದು ಪ್ಲಾಸ್ಟಿಕ್ ಎಂದು ಹೇಳುವಂತಿರಲಿಲ್ಲ. ಅವನಿಗೆ ಆಗ ಒಂದಿಷ್ಟು ಹೆಮ್ಮೆಯೂ ಆಗಿತ್ತು.

ಆಮೇಲೆ ಅಡುಗೆಮನೆಯ ಬಾಗಿಲು. ಅಕ್ಕನ ಬೆನ್ನು. ಈಗ ಕಿಟಕಿ ಮುರಿದಿದೆ ಅಂದರೆ ಅವಳು ಏನೆನ್ನುತ್ತಾಳೆಂದು ಅವನಿಗೆ ಗೊತ್ತಿತ್ತು: ಓಹೋ, ಬೆಳಕಿನ ಮನೆ, ಪ್ಲಾಸ್ಟಿಕ್ ಕಿಟಕಿ. ಆ ಒಂದು ಕೊಂಕು ಕೇಳುವ ತ್ರಾಣ ಅವತ್ತು ಅವನಲ್ಲಿರಲಿಲ್ಲ.

ಇಲ್ಲ. ಹೇಳಿರಲಿಲ್ಲ. ಗೋದಾಮಿನ ಅಂಗಳದಲ್ಲಿ ಲಾರಿಯಿಂದ ಕಾಲು ಕೆಳಗಿಡುವಾಗ ಅದು ಖಚಿತವಾಯಿತು.

ಎರಡು ಬಸ್ಸು ಬದಲಿಸಿ ಅವನು ಬೀದಿಯ ತಿರುವಿಗೆ ಬಂದಾಗ ಐದೂ ಮುಕ್ಕಾಲು. ಮೊದಲು ಕೇಳಿದ್ದು ಅಕ್ಕನ ದನಿ. ಅಷ್ಟು ಗಟ್ಟಿಯಾಗಿ ಅವಳು ಯಾರನ್ನೂ ಕರೆದದ್ದನ್ನು ಅವನು ಕೇಳಿರಲಿಲ್ಲ.

"ಚಾಡೀ... ಬಾರೋ... ಚಾಡೀ..."

ಅವಳು ಬೀದಿಯ ನಡುವೆ, ಬರಿಗಾಲಲ್ಲಿ, ತಲೆಯೆತ್ತಿ ನಿಂತಿದ್ದಳು. ಕೈಯಲ್ಲಿ ನವಣೆಯ ಬಟ್ಟಲು. ಕೆಳಗಿನ ಮನೆಯ ಮುದುಕ, ನಿವೃತ್ತ ಬಸ್ ಕಂಡಕ್ಟರ್, ಪಕ್ಕದಲ್ಲಿ ನಿಂತು ಒಂದೊಂದು ತಂತಿಯತ್ತಲೂ ಬೆರಳು ತೋರಿಸುತ್ತಿದ್ದ. "ಅದು ಕಾಗೆ ಕಣಮ್ಮ... ಅದೂ ಕಾಗೆನೇ... ನೀವು ಗಾಬರಿ ಆಗಬೇಡಿ, ಹಸಿವಾದ್ರೆ ಬರುತ್ತೆ. ನಮ್ಮ ಬಸ್ಸಿಂದ ಇಳಿದುಹೋದವರೂ ರಾತ್ರಿಗೆ ವಾಪಸ್ ಬರ್ತಿದ್ರು."

"ಹೋಯ್ತು ಕಣೋ" ಎಂದಳು ಅಕ್ಕ, ಅವನನ್ನು ಕಂಡು. ವಾರದ ಮೌನವೆಲ್ಲ ಮುಖದಿಂದ ಉದುರಿಹೋಗಿತ್ತು. "ಬೆಳಗಿನಿಂದ ನಡುಗ್ತಾ ಕೂತಿತ್ತು, ಒಂದು ಕಾಳು ಮುಟ್ಟಿರಲಿಲ್ಲ. ಸ್ವಲ್ಪ ಹಾರಾಡಿದ್ರೆ ಹೊಸ ಜಾಗ ಒಗ್ಗುತ್ತೆ ಅಂತ ಬಿಟ್ಟೆ. ಕಿಟಕಿ ನೋಡೇ ಬಿಟ್ಟೆ ಕಣೋ. ಮುಚ್ಚಿತ್ತು. ನೋಡ್ತಾ ನೋಡ್ತಾ ಆಚೆ ಹಾರಿಬಿಡ್ತು, ಕಿಟಕಿ ಹತ್ತಿರಾನೂ ಹೋಗದೆ ಕೆಳಗೆ ಓಡಿಬಂದೆ..."

"ನೀನು ಇಲ್ಲೇ ಕರೀತಿರು. ನಾನು ಮೇಲೆ ನೋಡ್ತೀನಿ" ಎಂದು ಅವನು ಮೆಟ್ಟಿಲೇರಿದ.

ಮೂರು ಮಹಡಿಯನ್ನು ಹೇಗೆ ಹತ್ತಿದನೋ. ಕೋಣೆಯಲ್ಲಿ ಪಂಜರ ಬಾಗಿಲು ತೆರೆದು ಕೂತಿತ್ತು. ಪ್ಲಾಸ್ಟಿಕ್ಕಿನ ಕೆಳಮೂಲೆಯ ಟೇಪು ಗಾಳಿಗೆ ಬಿಟ್ಟುಕೊಂಡು, ಒಂದು ಗೇಣಿನಷ್ಟು ತೆರಪಿನಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ಹೊರಗೆ ಬಗ್ಗಿ ನೋಡಿದ. ಛಾವಣಿಗಳು, ನೀರಿನ ತೊಟ್ಟಿಗಳು, ಒಣಹಾಕಿದ ಬಟ್ಟೆಗಳು. ಹಸಿರಾದದ್ದೆಲ್ಲ ಒಮ್ಮೆ ಎದೆ ಹಾರಿಸಿ, ಆಮೇಲೆ ಅಂಗಿಯೋ ಬಕೆಟ್ಟೋ ಆಯಿತು.

ಅದಾದ ಮೇಲಿನ ಎಂಟು ನಿಮಿಷಗಳನ್ನು ಅವನು ಎಷ್ಟೋ ಸಲ ಎಳೆ ಎಳೆಯಾಗಿ ಬಿಡಿಸಿ ನೋಡಿದ್ದಾನೆ. ಮೋಸ ಮಾಡಬೇಕೆಂದು ಮನಸ್ಸಿನಲ್ಲಿ ಅಂದುಕೊಂಡ ನೆನಪಿಲ್ಲ. ಕೈ ತಾನಾಗಿ ಪ್ಲಾಸ್ಟಿಕ್ಕನ್ನು ಕಿತ್ತು, ಮುದ್ದೆ ಮಾಡಿ ಜೇಬಿಗೆ ತುರುಕಿತು. ಟೇಪಿನ ಅಂಟನ್ನು ಉಗುರಿನಿಂದ ಕೆರೆಯಿತು. ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದು, ನಾಲ್ಕು ಕಡ್ಡಿ ಮುರಿದು ರಂಧ್ರಕ್ಕೆ ತುಂಬಿ, ಕದವನ್ನು ಬೀರುವಿನ ಹಿಂದಿನಿಂದ ಎಳೆದು, ಸ್ಕ್ರೂ ಬಿಗಿಯಿತು. ಮುರಿದದ್ದನ್ನು ಗಿರಾಕಿ ನೋಡುವ ಮುಂಚೆ ಸರಿಮಾಡುವುದು. ಹದಿನಾರು ವರ್ಷ ಮಾಡಿದ ಕೆಲಸ. ಸ್ಕ್ರೂ ಗಟ್ಟಿಯಾಗಿ ಕಚ್ಚಿತು.

ಹಕ್ಕಿ ಹಿಂದಿರುಗಿದರೆ ಬರಲಿ ಎಂದು ಕದವನ್ನು ಅಗಲವಾಗಿ ತೆರೆದಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವಳ ಹೆಜ್ಜೆ.

ಅಕ್ಕ ಬಾಗಿಲಲ್ಲೇ ನಿಂತು ಕಿಟಕಿಯನ್ನು ನೋಡಿದಳು. ತೆರೆದು ನಿಂತ ಬಲಗಡೆಯ ಕದವನ್ನು.

"ಇದು ತೆಗೆದಿತ್ತಾ?"

"ತೆಗೆದಿದೆಯಲ್ಲ ಅಕ್ಕ" ಎಂದ.

ಸುಳ್ಳಲ್ಲ ಅದು. ತೆಗೆದೇ ಇತ್ತು.

ಅವಳು ಹತ್ತಿರ ಬಂದು ಕದವನ್ನು ಮುಟ್ಟಿದಳು. ಮುಂದೆ ತಳ್ಳಿದಳು, ಹಿಂದೆ ಎಳೆದಳು. "ಮುಚ್ಚಿತ್ತು. ನಾನು ನೋಡಿದ್ನಲ್ಲ. ಎರಡೂ ಕಡೆ ಹೊಳೀತಿತ್ತು ಕಣೋ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ನೋಡಿದಳು. ಆಮೇಲೆ ಕನ್ನಡಕ ತೆಗೆದು ಕೈಯಲ್ಲೇ ಹಿಡಿದುಕೊಂಡು ಮೂಟೆಯೊಂದರ ಮೇಲೆ ಕೂತಳು. "ಅಮ್ಮನಿಗೂ ಹೀಗೇ ಅಲ್ವಾ ಶುರುವಾಗಿದ್ದು. ಇಲ್ಲದ್ದು ಇದ್ದ ಹಾಗೆ ಕಾಣ್ತಿತ್ತು."

ಆಗ ಹೇಳಬಹುದಿತ್ತು. ಆ ಪ್ಲಾಸ್ಟಿಕ್ಕಿನ ಮುದ್ದೆ ಅವನ ತೊಡೆಗೆ ಒತ್ತುತ್ತಿತ್ತು, ತೆಗೆದು ತೋರಿಸಿದ್ದರೆ ಮಾತೂ ಬೇಕಿರಲಿಲ್ಲ. ಅವಳು ಬೈಯುತ್ತಿದ್ದಳು, ಒಂದು ತಿಂಗಳು ಮಾತು ಬಿಡುತ್ತಿದ್ದಳು, ಅಷ್ಟೇ. ಆದರೆ ಬಾಯಿಗೆ ಬಂದದ್ದು ಬೇರೆ.

"ಬಿಡು ಅಕ್ಕ. ಯಾರಿಗಾದ್ರೂ ಆಗೋ ತಪ್ಪು."

ಅವಳು ತಲೆಯಾಡಿಸಿದಳು, ಆ ಕ್ಷಮೆಯನ್ನು ಸ್ವೀಕರಿಸುವವಳಂತೆ.

ಚಾಡಿ ಬರಲಿಲ್ಲ. ಮೂರು ದಿನ ಕಿಟಕಿ ತೆರೆದೇ ಇತ್ತು. ಅವನು ಕೆಲಸಕ್ಕೆ ರಜೆ ಹಾಕಿ ಛಾವಣಿಗಳನ್ನು ಹತ್ತಿ ಇಳಿದ; ಹಳೆಯ ಮನೆಯ ಸಂದಿಗೂ ಹೋಗಿ ಬಂದ. ಖಾಲಿ ಗೋಡೆಯಲ್ಲಿ ಪಂಜರ ನೇತುಹಾಕುತ್ತಿದ್ದ ಮೊಳೆಯೊಂದು ಇತ್ತು.

ಅಕ್ಕ ಕೆಲಸಕ್ಕೆ ಕೂತಳು. ಬೆಳಕು ನಿಜಕ್ಕೂ ಚೆನ್ನಾಗಿತ್ತು. ಕುರ್ಚಿ ಅವನು ಅಂದುಕೊಂಡ ಜಾಗದಲ್ಲೇ ಬಂತು. ಆದರೆ ಅವಳು ಒಂದು ಕಾಜಾ ಮುಗಿಸಿ, ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬೆರಳಿಂದ ಸವರಿ, ಬಿಚ್ಚಿಬಿಡತೊಡಗಿದಳು. ಬಿಚ್ಚಿ ಮತ್ತೆ ಹೊಸದಾಗಿ ಹಾಕಿದ್ದನ್ನೂ ಬಿಚ್ಚುವಳು. ಒಂದು ಕೋಟಿಗೆ ಎರಡು ದಿನ, ಆಮೇಲೆ ನಾಲ್ಕು ದಿನ.

ದರ್ಜಿಯೇ ಒಮ್ಮೆ ಬಂದ. "ಏನ್ರಮ್ಮ, ಮದುವೆ ಕೋಟು ಕೊಟ್ಟಿದ್ದೆ, ಹುಡುಗನಿಗೆ ಮಗು ಹುಟ್ಟೋ ಹೊತ್ತಿಗೆ ಕೊಡ್ತೀರಾ?" ಎಂದು ನಗಿಸಲು ನೋಡಿದ. ಹೊಲಿಗೆಯನ್ನು ಬೆಳಕಿಗೆ ಹಿಡಿದು, "ಇದರಲ್ಲೇನು ಕೊರತೆ? ಮೊದಲಿನ ಹಾಗೇ ಇದೆ" ಎಂದ.

"ನಿಮಗೆ ಹಾಗೆ ಕಾಣುತ್ತೆ" ಎಂದಳು ಅಕ್ಕ.

ಅವನು ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಗೋಡೆಯ ಅಕ್ಷರ ಓದಿಸಿದರು. ಅವಳು ಕೊನೆಯ ಸಾಲಿನವರೆಗೂ ಓದಿದಳು. "ನಿಮ್ಮ ತಾಯಿಯ ತೊಂದರೆ ನಿಮಗಿಲ್ಲ. ಈ ವಯಸ್ಸಿಗೆ ಬಹಳ ಚೆನ್ನಾಗಿದೆ" ಎಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಹೇಳಿದಳು: "ಗೋಡೆ ಮೇಲಿನ ಅಕ್ಷರ ಹಾರಿಹೋಗಲ್ವಲ್ಲ. ಅವರಿಗೇನು ಗೊತ್ತು? ಮುಚ್ಚಿದ ಕಿಟಕಿನ ಈ ಕಣ್ಣಿಂದಲೇ ನೋಡಿದೆ ನಾನು."

ಅವನು ಟಿಕೆಟ್ಟನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಿದ್ದ. ಇನ್ನು ನಾಲ್ಕು ನಿಲ್ದಾಣ ಇದ್ದವು. ಮೂರಾದವು. ಇಳಿಯುವಾಗ "ಹುಷಾರು, ಮೆಟ್ಟಿಲು" ಎಂದ. ಅವಳು ಅವನ ತೋಳು ಹಿಡಿದುಕೊಂಡು ಇಳಿದಳು. ಅದಕ್ಕೆ ಮುಂಚೆ ಅವಳು ಎಂದೂ ಯಾರ ತೋಳನ್ನೂ ಹಿಡಿದವಳಲ್ಲ.

ಆರನೆಯ ತಿಂಗಳಲ್ಲಿ ಅವಳು ಸೂಜಿಯ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು. ಸೂಜಿ ಚುಚ್ಚುವ ಮೆತ್ತೆ, ಕತ್ತರಿ, ಮೇಣದುಂಡೆ, ಇಪ್ಪತ್ತೆಂಟು ವರ್ಷದ ದಾರದ ಉಂಡೆಗಳು. "ಚೆನ್ನಾಗಿ ಕಟ್ಟಿ ಬೀರು ಮೇಲಿಡು. ಧೂಳು ಹೋಗದ ಹಾಗೆ. ಕಟ್ಟೋದ್ರಲ್ಲಿ ನಿನ್ನ ಮೀರಿಸೋರಿಲ್ಲ."

ಅವನು ಕಟ್ಟಿದ. ಸಾಮಾನು ಸುತ್ತುವ ಅದೇ ತೆಳು ಪ್ಲಾಸ್ಟಿಕ್ಕಿನಲ್ಲಿ, ಎರಡು ಪದರ, ಒಂದು ಸುಕ್ಕಿಲ್ಲದಂತೆ. ಮೂಲೆಗಳಿಗೆ ಟೇಪು ಒತ್ತುವಾಗ ಅವಳು ಎದುರಿಗೇ ಕೂತಿದ್ದಳು.

"ಎಷ್ಟು ಹೊಳಪು ನೋಡು" ಎಂದಳು. "ಗಾಜಿನ ಪೆಟ್ಟಿಗೆ ಹಾಗೇ ಕಾಣುತ್ತೆ."

ಅವನ ಕೈ ನಿಂತಿತು. ಅವಳು ಅವನ ಮುಖ ನೋಡಿದಳು, ಅಥವಾ ನೋಡಿದಳೆಂದು ಅವನಿಗೆ ಅನಿಸಿತು. ಆಮೇಲೆ ಎದ್ದು ಒಲೆಯ ಕಡೆ ಹೋದಳು. ಅವನು ಉಳಿದ ಮೂಲೆಗೂ ಟೇಪು ಒತ್ತಿ, ಅಭ್ಯಾಸದಂತೆ ಮೇಲೊಂದು ನಂಬರು ಬರೆದ.

ಈಗ ಮೂರು ವರ್ಷ. ಪಂಜರ ಕಿಟಕಿಯ ಬಳಿಯೇ ಇದೆ, ಬಾಗಿಲು ತೆರೆದುಕೊಂಡು, ಒಳಗೊಂದು ಬಟ್ಟಲು ನವಣೆ. ಗುಬ್ಬಿಗಳು ಬಂದು ತಿಂದು ಹೋಗುತ್ತವೆ. ಸಂಜೆ ಐದಕ್ಕೆ ಅಕ್ಕ ಆ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂರುತ್ತಾಳೆ. ಅವನು ಮನೆಯಲ್ಲಿದ್ದರೆ ಕರೆಯುತ್ತಾಳೆ.

"ನೋಡೋ, ಆ ತಂತಿ ಮೇಲೆ ಕೂತಿರೋದು ಹಸಿರಾ?"

ಅವನು ಬಂದು ನೋಡುತ್ತಾನೆ. "ಅಲ್ಲ ಅಕ್ಕ. ಗುಬ್ಬಿ."

"ನನಗೂ ಹಾಗೇ ಕಂಡಿತು" ಎನ್ನುತ್ತಾಳೆ. "ಆದ್ರೂ ನೀನೊಂದ್ಸಲ ನೋಡಿಬಿಟ್ರೆ ಸಮಾಧಾನ."

ಆ ದಿನ ಬಲಗಡೆ ಕದವೇ ಇರಲಿಲ್ಲ, ನೀನು ನೋಡಿದ್ದು ನಾನು ಅಂಟಿಸಿದ ಪ್ಲಾಸ್ಟಿಕ್ಕನ್ನು, ನಿನ್ನ ಕಣ್ಣಿಗೆ ಏನೂ ಆಗಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.